ಐದು ತಂಬಿಗೆಯ ಲೆಕ್ಕ

"ಬಾಯಾರ, ಐದಕ್ಕ ನೋಡೀರೇನ್ರಿ?"

ಸಭೆಯ ಹಿಂದಿನ ಸಾಲಿನಿಂದ ಬಂದ ದನಿ. ಮೆತ್ತಗಿತ್ತು, ಕೊಂಕಿರಲಿಲ್ಲ. ಆದರೂ ಶಿವಕಾಂತಾಳ ಎದೆ ಧಸಕ್ಕೆಂದಿತು.

ಆಳಂದದ ಶಾಲೆಯ ದೊಡ್ಡ ಕೋಣೆ ಅಂದು ಕಿಕ್ಕಿರಿದಿತ್ತು. ಮಾಸ್ತರರ ಸಭೆ. ಅಫಜಲಪುರದಿಂದ, ಜೇವರ್ಗಿಯಿಂದಲೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಅವಳ ಅಪ್ಪ, ಪೇಟೆಯ ವ್ಯಾಪಾರಿ ಮಲ್ಲಣ್ಣ, ಹೊಸ ರುಮಾಲು ಸುತ್ತಿ ಹೆಮ್ಮೆಯಿಂದ ಕುಳಿತಿದ್ದ. ಹೆಂಗಸರ ಜಮಖಾನೆಯ ಮೇಲೆ ಅಪ್ಪನ ತಾಯಿ, ಆಯಿ ಹೀರಾಬಾಯಿ. ಆಯಿಯ ಪಕ್ಕ, ಶಿವಕಾಂತಾ ಕಲಿಸುತ್ತಿದ್ದ ಕನ್ಯಾಶಾಲೆಯ ಉರ್ದು ಟೀಚರ್, ಅವಳ ಜೀವದ ಗೆಳತಿ ಮುಮತಾಜ.

ಇವರೆಲ್ಲರ ಮುಂದೆ, ಮೇಜಿನ ಮೇಲೆ ಆರು ಹಿತ್ತಾಳೆ ತಂಬಿಗೆಗಳನ್ನು ದುಂಡಗೆ ಇಟ್ಟುಕೊಂಡು, ಹೆಣ್ಣುಮಗಳೊಬ್ಬಳು ಗಣಿತ ಹೇಳುತ್ತಿದ್ದಳು!

ಅದು ನಿಜಾಮರ ಸರಕಾರದ ಕಾಲ, ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿದ್ದ ವರ್ಷಗಳು. ಹೆಣ್ಣು ಬಿ.ಎ. ಆಗುವುದೇ ಊರಿಗೊಂದು ಸುದ್ದಿ. ಅದರಲ್ಲೂ ಗಣಿತ! ಸೊಲ್ಲಾಪುರದ ಸೋದರಮಾವನ ಮನೆಯಲ್ಲಿದ್ದು ಓದಿ ಬಂದವಳ ತಲೆಗೆ ಅವಳ ಪ್ರೊಫೆಸರರು ಒಂದು ಪ್ರಶ್ನೆ ಹಚ್ಚಿ ಕಳಿಸಿದ್ದರು. ಗ್ರೂಪ್ ರಿಂಗ್ ಎಂಬ ಹೊಸ ಗಣಿತದ್ದು. ವಿಲಾಯತಿಯಲ್ಲಿ ಯಾರಾದರೂ ಅದಕ್ಕೆ ಉತ್ತರ ಬರೆದಿದ್ದರೂ ಬರೆದಿರಬಹುದು. ಯುದ್ಧದ ಗದ್ದಲದಲ್ಲಿ ಆಳಂದಕ್ಕೆ ಬಂದು ಹೇಳುವವರು ಯಾರು?

ಗ್ರೂಪ್ ರಿಂಗ್ ಅಂದಕೂಡಲೇ ಹೆದರಬೇಡಿ. ಜೋಳದ ವ್ಯಾಪಾರಿಗಳಿಗೂ ತಿಳಿಯುವ ಹಾಗೆ ಅವಳು ಹೇಳಿದ್ದಳು.

"ತಂಬಿಗಿ ದುಂಡಗ ಇಡ್ರಿ. ಒಂದರಾಗ ಒಂದು ಜೋಳದ ಕಾಳು ಹಾಕ್ರಿ. ಅದನ್ನ ಮುಂದಿನ ತಂಬಿಗಿಗೆ ಸರಿಸ್ರಿ. ತಿರುಗಿ ಹಿಂದ ಸರಿಸಿದ್ರ ಮೊದಲಿನಂಗ ಆತು, ಹೌದಲ್ಲರಿ? ಹಿಂಗ ಪೂರಾ ಅಳಿಸಾಕ ಬರೂದಕ್ಕ ಯೂನಿಟ್ ಅಂತಾರ."

"ಹೌದ್ರಿ," ಅಂದಿದ್ದರು ಎಲ್ಲರೂ.

"ಈಗ ಕಲಬೆರಕಿ ಮಾಡೂಣು. ಆ ಒಂದು ಕಾಳು ತಗದು, ಅದರ ಬದಲಿ ಬ್ಯಾರೆ ಬ್ಯಾರೆ ತಂಬಿಗ್ಯಾಗ ಜೋಳ, ತೊಗರಿ ಹಾಕೂದು. ಜೋಳ ಅಂದ್ರ ಹೆಚ್ಚು, ತೊಗರಿ ಅಂದ್ರ ಕಡಿಮಿ. ಎರಡೂ ಒಂದೇ ತಂಬಿಗ್ಯಾಗ ಕೂಡಿದ್ರ ಎರಡೂ ಹೊರಗ. ಇಂಥ ಕಲಬೆರಕಿ ಆದ ಮ್ಯಾಲ, ಇದ್ದ ಎಲ್ಲಾ ಕಾಳಿಗೂ ಒಂದೇ ರೀತಿ ಇನ್ನೊಂದು ಕಲಬೆರಕಿ ಮಾಡಿ, ತೊಗರಿಗೆ ಉಲ್ಟಾ ಮಾಡಿ, ತಿರುಗಿ ಒಂದೇ ಜೋಳ ಉಳಸಾಕ ಬರ್ತದೇನು? ಬರಂಗಿಲ್ಲ! ಎರಡು ತಂಬಿಗಿಗೆ ನೋಡೇನಿ. ಮೂರಕ್ಕ, ನಾಕಕ್ಕ, ಆರಕ್ಕ ನೋಡೇನಿ. ಸುಮ್ಮ ಸರಿಸಿದ್ದಷ್ಟೇ ಅಳೀತದ. ಕಲಬೆರಕಿ ಆದದ್ದು ಅಳಿಯಂಗಿಲ್ಲ."

ಆಗಲೇ ಬಂದದ್ದು ಆ ಪ್ರಶ್ನೆ. ಐದಕ್ಕೆ ನೋಡಿದ್ದೀರಾ?

ನೋಡಿರಲಿಲ್ಲ! ಅಯ್ಯೋ... ನೋಡಿರಲಿಲ್ಲ.

ಯಾಕೆ ನೋಡಿರಲಿಲ್ಲ ಅಂದರೆ, ಕಾರಣ ಕೇಳಿದರೆ ನೀವು ನಗುತ್ತೀರಿ. ಮದುವೆಯಲ್ಲಿ ಹೆಣ್ಣು ಗಂಡನ್ನು ಮಣೆಯ ಮೇಲೆ ಕೂಡಿಸಿ, ಸುತ್ತಲೂ ಐದು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ನೂಲು ಸುತ್ತಿ ನೀರೆರೆಯುತ್ತಾರಲ್ಲ, ಸುರಗಿ ಅಂತ? ಅದಕ್ಕೇ ಅವರ ಮನೆಯಲ್ಲಿ ಆಯಿಯ ಒಂದು ಕಟ್ಟಳೆ ಇತ್ತು. ಮದುವೆಯಾಗದ ಹುಡುಗಿ ಐದು ತಂಬಿಗೆ ದುಂಡಗೆ ಇಡಬಾರದು. ಸಣ್ಣವಳಿದ್ದಾಗ ಆಟಕ್ಕೆ ಇಟ್ಟು ಬೆನ್ನಿಗೆ ಗುದ್ದು ತಿಂದಿದ್ದಳು. ಬಿ.ಎ. ಆದರೂ ಆ ಗುದ್ದು ಮರೆತಿರಲಿಲ್ಲ. ತಂಬಿಗೆ ಇಟ್ಟು ಲೆಕ್ಕ ಮಾಡುವ ರೂಢಿಯವಳು ನಾಲ್ಕು ಮುಗಿಸಿದಳು, ಆರಕ್ಕೆ ಜಿಗಿದಳು. ಐದೂ ಹಾಗೇ ಇರುತ್ತದೆ ಬಿಡು, ಅಂದುಕೊಂಡಳು.

ಈಗ ಅಷ್ಟು ಜನರ ಕಣ್ಣು ಅವಳ ಮೇಲಿತ್ತು. ಅಪ್ಪನ ಕಣ್ಣೂ ಇತ್ತು.

"ನೋ... ನೋಡೇನಿ," ಅಂದುಬಿಟ್ಟಳು.

ಹಿಂದಿನ ಸಾಲಿನವನು ಎದ್ದು ಬಂದ. ಎತ್ತರದ ಆಳು, ಬಿಳಿ ಧೋತರ, ಕೋಟಿನ ತೋಳಿಗೆ ಸೀಮೆಸುಣ್ಣದ ಪುಡಿ. ಹೈದರಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿ ಜೇವರ್ಗಿಯಲ್ಲಿ ಮಾಸ್ತರನಾಗಿದ್ದ ಜಗದೇವಪ್ಪ. ಅವನ ಕಣ್ಣಲ್ಲಿ ಏನೋ ಹಸಿವಿತ್ತು.

"ಹಂಗಾದ್ರ ಒಮ್ಮಿ ತೋರಸ್ರಿ. ಆರು ಅವ, ಒಂದು ತಗದ್ರ ಐದಾದವು." ಅನ್ನುತ್ತಲೇ ಮೇಜಿನಿಂದ ಒಂದು ತಂಬಿಗೆ ಎತ್ತಿಕೊಂಡು, ಉಳಿದ ಐದನ್ನು ದುಂಡಗೆ ಸರಿಪಡಿಸಿದ!

"ಏ... ಸುರಗಿ ಇಟ್ಟಾನ ನೋಡ್ರಲೇ!" ಮೂಲೆಯಿಂದ ಯಾರೋ ಕೂಗಿದರು.

"ಅರಿಷಿಣ ತರ್ರೋ!"

"ಮಾಸ್ತರ, ನೂಲು ಯಾರು ಸುತ್ತವ್ರು?"

ಇಡೀ ಕೋಣೆ ಹೋ ಎಂದು ನಕ್ಕಿತು. ತಂಬಿಗೆ ಹಿಡಿದು ನಿಂತ ಜಗದೇವಪ್ಪನ ಮುಖ ಬಿಳಿಚಿಕೊಂಡಿತು. ಶಿವಕಾಂತಾಳಿಗೆ ಅದು ಕಾಣಲಿಲ್ಲ. ಅವಳಿಗೆ ಕಂಡದ್ದು ಇಷ್ಟೇ: ಮಂದಿ ಮುಂದೆ ತನ್ನನ್ನು ನಗೆಪಾಟಲು ಮಾಡಲೆಂದೇ ಇವನು ಎದ್ದು ಬಂದಿದ್ದಾನೆ.

ಅಳುತ್ತ, ಚಪ್ಪಲಿ ಕೂಡ ಮೆಟ್ಟದೆ ಓಡಿಬಿಟ್ಟಳು.

* * *

"ಕನ್ನಿ ಹುಡುಗಿ ಮುಂದ ಸುರಗಿ ಇಡ್ತಾನೇನು?" ಮನೆಯ ಪಡಸಾಲೆಯಲ್ಲಿ ಅಪ್ಪ ಹುಲಿಯಾಗಿದ್ದ. "ಗುಲಬರ್ಗಾಕ್ಕ ಹೋಗಿ ಶಾಲಿ ಇನ್ಸ್‌ಪೆಕ್ಟರ್ ಸಾಹೇಬರ ಮುಂದ ತಕ್ರಾರ್ ಹೇಳ್ತೇನಿ. ಅಂವನ ನೌಕರಿ ಉಳಿಯಂಗಿಲ್ಲ!"

ಬಾಗಿಲ ಹಿಂದೆ ನಿಂತಿದ್ದವಳನ್ನು ಕರೆದ.

"ಒಂದ ಮಾತು ಹೇಳು ಯವ್ವಾ. ನಿನ್ನ ಲೆಕ್ಕ ಸರಿ ಅದ, ಹೌದಲ್ಲ? ಐದಕ್ಕ ನೋಡಿದ್ದಿ, ಹೌದಲ್ಲ?"

'ಇಲ್ಲಪ್ಪಾ... ನೋಡಿಲ್ಲ... ಸುಳ್ಳ ಹೇಳೇನಿ...' ಅನ್ನಲು ಬಾಯಿ ತೆರೆದಳು. ಅಪ್ಪನ ರುಮಾಲಿನ ಕಡೆ ನೋಡಿದಳು. ಮಗಳ ಸಭೆಗೆಂದೇ ಸೊಲ್ಲಾಪುರದಿಂದ ತರಿಸಿದ್ದ ರುಮಾಲು.

ತಲೆ ಅಲ್ಲಾಡಿಸಿದಳು. ಹೌದು ಅನ್ನುವ ಹಾಗೆ.

ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಬಾವಿಯ ಕಟ್ಟೆಯಲ್ಲಿ ಹೆಂಗಸರು 'ಸುರಗಿ ಟೀಚರ್ ಬಂದಳು' ಅಂತ ಸೆರಗು ಬಾಯಿಗೆ ಹಿಡಿದು ನಕ್ಕರು. ಶಾಲೆಯಲ್ಲಿ ಸಣ್ಣ ಹುಡುಗಿಯರೂ ಕಿಸಕ್ಕೆಂದರು. ಆ ನಗೆಯನ್ನಾದರೂ ಹೇಗೋ ನುಂಗಬಹುದಿತ್ತು. ನುಂಗಲಾಗದ್ದು ಒಂದೇ ಮಾತು. ನೋಡೇನಿ! ಕಪ್ಪು ಹಲಗೆಯ ಮೇಲೆ ಐದು ಅಂತ ಬರೆದವಳೇ ಅಳಿಸಿಬಿಡುತ್ತಿದ್ದಳು. 'ಮಕ್ಕಳೇ, ಸುಳ್ಳ ಹೇಳಬಾರದು' ಅಂತ ಇದೇ ಬಾಯಿಂದ ಹೇಳುತ್ತಿದ್ದೆನಲ್ಲ... ಥೂ!

* * *

"ಅಂವ ಬಂದಾನ ಬೇ," ಒಂದು ಮಧ್ಯಾಹ್ನ ಶಾಲೆಯಲ್ಲಿ ಮುಮತಾಜ ಓಡುತ್ತ ಬಂದಳು. "ಜೇವರ್ಗಿ ಮಾಸ್ತರ. ಬೇವಿನ ಗಿಡದ ಕೆಳಗ ನಿಂತಾನ. ಮಾಫಿ ಕೇಳ್ತಾನಂತ."

"ನಾ ಬರಂಗಿಲ್ಲ."

"ಬಾ ಬೇ. ನಾ ನಡುವ ನಿಲ್ತೇನಿ."

ಹೋದಳು. ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಮುಖದ ತುಂಬ ದಾರಿಯ ಧೂಳು.

"ಮಾಫಿ ಮಾಡ್ರಿ ಬಾಯಾರ. ಸುರಗಿ ಮಾತು ನನ್ನ ತಲಿಗೇ ಹೊಳಿಲಿಲ್ಲರಿ. ಐದರ ಹುಚ್ಚು ಹಿಡದಿತ್ತು. ಮಂದಿ ನಕ್ಕಾಗ ಗೊತ್ತಾತು, ಎಂಥಾ ಕೆಲಸ ಮಾಡಿದೆ ಅಂತ."

"ಊರ ಮಂದಿ ಮುಂದ ಬೇಇಜ್ಜತಿ ಮಾಡಿ, ಗಿಡದ ಕೆಳಗ ಮಾಫಿ ಕೇಳಿದ್ರ ಆದದ್ದು ಅಳೀತದೇನ್ರಿ?"

"ಅಳಿಯಂಗಿಲ್ಲರಿ," ತಲೆ ತಗ್ಗಿಸಿದ. "ನನಗೂ ಗೊತ್ತದ."

ಅವನು ವಾದ ಮಾಡಿದ್ದರೆ ಚೆನ್ನಾಗಿತ್ತು. ಹೀಗೆ ಒಪ್ಪಿಕೊಂಡರೆ ಸಿಟ್ಟು ಎಲ್ಲಿ ನಿಲ್ಲಬೇಕು?

"ಉತ್ತರ ಗೊತ್ತಿದ್ದೂ ನನ್ನ ಪರೀಕ್ಷಾ ಮಾಡಾಕ ಕೇಳಿದ್ರಿ, ಹೌದಲ್ಲ?"

"ಗೊತ್ತಿದ್ರ ಯಾಕ ಕೇಳ್ತಿದ್ದೆ?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಗೊತ್ತಿಲ್ಲಂತನ ಕೇಳಿದೆ. ಹೈದರಾಬಾದಿನಾಗ ಇದ್ದಾಗಿಂದ ಐದರಾಗ ಸಿಕ್ಕೊಂಡೇನಿ. ಒಂದು ಕಲಬೆರಕಿ ಅದರಿ. ಕಾಳು ಇದ್ದ ತಂಬಿಗಿ ಎರಡೂ ಮಗ್ಗಲಕ್ಕ ಒಂದೊಂದು ಜೋಳ, ತನ್ನ ಜಾಗಾದಾಗ ಒಂದು ತೊಗರಿ. ಇದು ಅಳೀತದ ಅಂತ ನನ್ನ ಮನಸು ಹೇಳ್ತಿತ್ತು. ಅಳಸೂದು ಹೆಂಗ ಅಂತ ಮಾತ್ರ ಸಿಗಲಿಲ್ಲ."

ಶಿವಕಾಂತಾ ಮುಮತಾಜಳ ತೋಳು ಹಿಡಿದುಕೊಂಡಳು.

"ಆದ್ರ ನೀವು ನೋಡೇನಿ ಅಂದ್ರಲ್ಲ," ಅವನು ಸಣ್ಣಗೆ ನಕ್ಕ. "ನೀವು ನೋಡಿ, ಇಲ್ಲ ಅಂದ ಮ್ಯಾಲ ಇಲ್ಲ. ನಾ ಆ ಹಾದಿ ಬಿಟ್ಟುಬಿಟ್ಟೆ. ಅಷ್ಟ ಹೇಳಿ ಹೋಗೂಣಂತ ಬಂದೆ. ಬರ್ತೇನ್ರಿ."

'ನಿಲ್ಲ್ರಿ! ಬಿಡಬ್ಯಾಡ್ರಿ! ನಾ ಸುಳ್ಳ ಹೇಳೇನಿ!' ಒಳಗೆ ಕೂಗಿದಳು. ಅವನು ಗೇಟು ದಾಟಿ ಹೋದ.

ತನ್ನ ಒಂದು ಸುಳ್ಳನ್ನು ನಂಬಿ, ಆ ಮನುಷ್ಯ ವರ್ಷಗಟ್ಟಲೆ ಹಿಡಿದಿದ್ದ ಕನಸನ್ನು ಕೈಬಿಟ್ಟಿದ್ದ!

"ಇನ್ನೊಂದು ಮಾತು ಅಂವ ಹೇಳಲಿಲ್ಲ, ನಾ ಹೇಳ್ತೇನಿ," ಮುಮತಾಜಳ ದನಿ ಗಡುಸಾಗಿತ್ತು. "ನಿಮ್ಮಪ್ಪಾರ ತಕ್ರಾರ್ ಸಾಹೇಬರಿಗೆ ಮುಟ್ಯದ. ಸೋಮವಾರ ಇಲ್ಲೇ ಬಂದು ವಿಚಾರಣಾ ಮಾಡ್ತಾರ. ನೌಕರಿ ಹೋಗೂದು ಪಕ್ಕಾ ಅಂತಾರ."

"ಅಂವ... ಒಂದು ಮಾತೂ ಆಡಲಿಲ್ಲಲ್ಲ ಮುಮತಾಜ?"

"ನಾಚಿಕಿ, ಶರಮ್ ಇರವ್ರು ಆಡಂಗಿಲ್ಲ ಬೇ."

ಗೆಳತಿ ಅದನ್ನು ಯಾರಿಗೆ ಅಂದಳೋ. ಚುಚ್ಚಿದ್ದು ಮಾತ್ರ ಶಿವಕಾಂತಾಳಿಗೆ.

* * *

ಭಾನುವಾರ. ಅಪ್ಪ ಪೇಟೆಗೆ, ಆಯಿ ಮಠಕ್ಕೆ. ಮನೆಯಲ್ಲಿ ಅವಳೊಬ್ಬಳೇ.

ಅಂಗಳದ ಬಾಗಿಲು ಹಾಕಿಕೊಂಡಳು. ಅಡುಗೆಮನೆಯಿಂದ ತಂಬಿಗೆ ತಂದಳು. ನಾಲ್ಕು ಇಟ್ಟಳು. ಐದನೆಯದು ಇಡುವಾಗ ಬೆನ್ನು ತಾನಾಗಿಯೇ ಬಿಗಿಯಾಯಿತು. ಈಗ ಗುದ್ದು ಬೀಳುತ್ತದೇನೋ ಅನ್ನುವಂತೆ!

ಇಟ್ಟಳು. ದುಂಡಗೆ.

ಅವನು ಹೇಳಿದ ಕಲಬೆರಕೆ ಮಾಡಿದಳು. ತನ್ನ ಮುಂದಿನ ತಂಬಿಗೆಯ ಒಂದು ಜೋಳ ತೆಗೆದು, ಆಚೆ ಮಗ್ಗುಲಿಗೆ ಒಂದು ಜೋಳ, ಈಚೆ ಮಗ್ಗುಲಿಗೆ ಒಂದು ಜೋಳ, ಅದರ ಜಾಗಕ್ಕೆ ಒಂದು ತೊಗರಿ.

ಇದನ್ನು ಅಳಿಸುವುದು ಹೇಗೆ?

ಎಲ್ಲ ಕಾಳನ್ನೂ ಒಂದೊಂದು ತಂಬಿಗೆ ಹಿಂದಕ್ಕೆ ಸರಿಸಿದಳು. ಕಲಬೆರಕೆ ಹಾಗೇ ಉಳಿಯಿತು, ಜಾಗ ಬದಲಾಯಿತಷ್ಟೇ. ಅವನ ಕಲಬೆರಕೆಯನ್ನೇ ಮತ್ತೊಮ್ಮೆ ಮಾಡಿದಳು. ಗೋಜಲು ಇನ್ನೂ ಹೆಚ್ಚಿತು. ಕಾಳು ಸುರಿದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಬಿಸಿಲು ಅಂಗಳದ ತುಂಬ ಬಂತು. ಅಳು ಬಂತು.

'ಬಂದ ಹಾದೀಲೇ ತಿರುಗಿ ಹೋದ್ರ ಇದು ಅಳಿಯಂಗಿಲ್ಲ...'

ಸೆರಗಿನಿಂದ ಕಣ್ಣೊರೆಸಿಕೊಂಡು ತಂಬಿಗೆಗಳನ್ನು ನೋಡುತ್ತ ಕುಳಿತಳು. ಅವನು ಕೈಹಾಕಿದ್ದು ಮಗ್ಗುಲಿನ ಎರಡಕ್ಕೆ. ಆಚೆ ದೂರದಲ್ಲಿ ಇನ್ನೂ ಎರಡು ಸುಮ್ಮನೆ ಕುಳಿತಿದ್ದವು. ಅವನ್ನು ಯಾರೂ ಮಾತಾಡಿಸಿಯೇ ಇರಲಿಲ್ಲ!

ಮಗ್ಗುಲಿನ ಬದಲು ದೂರದ ಎರಡಕ್ಕೆ ಹಾಕಿದರೆ?

ಅವನ ಕಲಬೆರಕೆಯ ಒಂದು ಜೋಳ ತೆಗೆದಳು. ಅದಕ್ಕೆ ದೂರದ ಎರಡು ತಂಬಿಗೆಗೆ ಒಂದೊಂದು ಜೋಳ, ಅದರ ಜಾಗಕ್ಕೆ ತೊಗರಿ. ಇನ್ನೊಂದು ಜೋಳಕ್ಕೂ ಹಾಗೇ. ನಡುವಿನ ತೊಗರಿಗೆ ಎಲ್ಲ ಉಲ್ಟಾ: ದೂರದ ಎರಡಕ್ಕೆ ತೊಗರಿ, ಅದರ ಜಾಗಕ್ಕೆ ಜೋಳ.

ಬಗ್ಗಿ ನೋಡಿದಳು. ಒಂದು ತಂಬಿಗೆಯಲ್ಲಿ ಜೋಳವೊಂದು, ತೊಗರಿಯೊಂದು. ಎರಡೂ ಹೊರಕ್ಕೆ. ಅದರಾಚೆಯದರಲ್ಲೂ ಹಾಗೇ. ಅದರಾಚೆಯದರಲ್ಲೂ... ಎಲ್ಲ ಖಾಲಿ!

ಅವಳ ಮುಂದಿನ ತಂಬಿಗೆಯಲ್ಲಿ ಮಾತ್ರ ಒಂದೇ ಒಂದು ಜೋಳದ ಕಾಳು ಉಳಿದಿತ್ತು. ಮೊದಲು ಇಟ್ಟ ಹಾಗೇ.

ಅಳಿದಿತ್ತು. ಕಲಬೆರಕೆ ಪೂರಾ ಅಳಿದಿತ್ತು!

ಅವನ ಮನಸ್ಸು ಹೇಳಿದ್ದು ಸರಿ. ಇಡೀ ಸಭೆಯ ಮುಂದೆ ಅವಳು ಹೇಳಿದ್ದು ತಪ್ಪು. ಖುಷಿಯೋ ನಾಚಿಕೆಯೋ ತಿಳಿಯದೆ, ಆ ಒಂದು ಕಾಳನ್ನು ಅಂಗೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು.

"ಏನ್ ಮಾಡಾಕತ್ತಿದಿ ಬೇ?"

ಹಿತ್ತಲ ಬಾಗಿಲಲ್ಲಿ ಆಯಿ! ಶಿವಕಾಂತಾ ಬೆಚ್ಚಿ ತಂಬಿಗೆ ಸರಿಸಲು ಹೋದಳು.

"ಇರಲಿ, ಮುಟ್ಟಬ್ಯಾಡ." ಆಯಿ ಮೊಣಕಾಲು ಹಿಡಿದುಕೊಂಡು ಬಂದು ಅವಳೆದುರು ಕುಳಿತಳು. ಗುದ್ದು ಬೀಳಲಿಲ್ಲ. "ಐದು ತಂಬಿಗಿ ಇಟ್ಟಮ್ಯಾಲ ಯಾರದರ ಹೆಸರು ಇರಬೇಕು. ಯಾರ ಹೆಸರ್ಲೆ ಇಟ್ಟಿ?"

ಶಿವಕಾಂತಾ ಅಂಗೈ ಬಿಚ್ಚಿ ಆ ಕಾಳು ತೋರಿಸಿದಳು.

"ಜೇವರ್ಗಿ ಮಾಸ್ತರದು, ಆಯೀ..." ಅಂದಳು. "ಅವರು ಖರೇ ಕೇಳಿದ್ರು. ನಾ ಸುಳ್ಳ ಹೇಳಿದೆ. ನಾ ಐದಕ್ಕ ನೋಡಿದ್ದೇ ಇಲ್ಲ. ನಿನ್ನ ಹೆದರಿಕಿಗೆ ಇಡಲೇ ಇಲ್ಲ. ಅಪ್ಪಗೂ ಸುಳ್ಳ ಹೇಳೇನಿ. ಅವರ ನೌಕರಿ ಹೊಂಟದ. ನಾ ಏನ್ ಮಾಡ್ಲಿ ಆಯೀ, ಸಾಯುವಂಗ ಆಗೇದ..."

ಆಯಿ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು.

"ಸಾಯೂ ಮಾತು ಬಿಡು. ಮಂದಿ ಮುಂದ ಹೇಳಿದ್ದು ಮಂದಿ ಮುಂದನ ಅಳಿಸ್ಬೇಕು. ನಾಳಿ ಈ ತಂಬಿಗಿ ನಾ ಹೊತ್ಕೊಂಡು ಬರ್ತೇನಿ."

* * *

ಸೋಮವಾರ ಅದೇ ಕೋಣೆ. ಅದೇ ಮಂದಿ, ತಮಾಷೆ ನೋಡಲು ಇನ್ನಷ್ಟು ಮಂದಿ. ಗುಲಬರ್ಗಾದ ಸಾಹೇಬರು ಕುರ್ಚಿಯಲ್ಲಿ. ಗೋಡೆಯ ಪಕ್ಕ ಜಗದೇವಪ್ಪ, ಅಪರಾಧಿಯ ಹಾಗೆ ಕೈಕಟ್ಟಿ ನಿಂತಿದ್ದ.

"ಹೇಳ್ರಿ ಮಾಸ್ತರ, ನಿಮ್ಮ ಜವಾಬ್ ಏನು?"

"ಏನೂ ಇಲ್ಲರಿ ಸಾಹೇಬ್ರ. ನನ್ನಿಂದ ತಪ್ಪಾಗೇದ."

"ಅವರಿಂದ ಆಗಿಲ್ಲರಿ!"

ಎಲ್ಲರೂ ತಿರುಗಿದರು. ಬಾಗಿಲಲ್ಲಿ ಶಿವಕಾಂತಾ. ಹಿಂದೆ ಬುಟ್ಟಿಯಲ್ಲಿ ತಂಬಿಗೆ ಹೊತ್ತ ಆಯಿ.

ಅಪ್ಪನ ಮುಖ ನೋಡುವ ಧೈರ್ಯವಿರಲಿಲ್ಲ. ಮೇಜಿನ ಹತ್ತಿರ ಬಂದು ನಿಂತಳು.

"ಇವರು ನನಗ ಐದಕ್ಕ ನೋಡೀರೇನು ಅಂತ ಕೇಳಿದ್ರು. ನಾ ನೋಡೇನಿ ಅಂದೆ. ನೋಡಿದ್ದಿಲ್ಲರಿ. ಸುಳ್ಳ ಹೇಳಿದೆ. ನಿಮ್ಮೆಲ್ಲರ ಮುಂದ ಹೇಳಿದೆ, ಮನ್ಯಾಗ ನಮ್ಮಪ್ಪನ ಮುಂದೂ ಹೇಳಿದೆ. ನನ್ನ ಲೆಕ್ಕಾನೂ ತಪ್ಪು. ತಪ್ಪು ಅಂತ ಈಗ ತೋರಸ್ತೇನಿ."

ಒಂದೊಂದಾಗಿ ತಂಬಿಗೆ ಇಟ್ಟಳು. ಐದು. ದುಂಡಗೆ.

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು.

"ನಗ್ರಿ!" ಆಯಿ ಗುಡುಗಿದಳು. "ಸುರಗೀನ ಅದ ಇದು. ನಗಾಂವ ಮೊದಲು ಮುಯ್ಯಿ ತಂದು ಆಮ್ಯಾಲ ನಗಬೇಕು!"

ಶಿವಕಾಂತಾಳ ಬೆರಳು ಕಾಳಿನ ಮೇಲೆ ಆಡಿತು.

"ಇದು ಮೊದಲನೇ ಕಲಬೆರಕಿ, ಜಗದೇವಪ್ಪ ಮಾಸ್ತರದು. ಎರಡನೇದು..." ದನಿ ಸಣ್ಣಗಾಯಿತು, "ನಂದು."

ಜಗದೇವಪ್ಪ ಗೋಡೆ ಬಿಟ್ಟು ಮುಂದೆ ಬಂದ. ಎರಡು ಹೆಜ್ಜೆಗೆ ಅವನಿಗೆ ಗೊತ್ತಾಗಿಹೋಗಿತ್ತು. ಕಣ್ಣು ಅಗಲವಾದವು. ಅವಳು ನಾಲ್ಕು ತಂಬಿಗೆ ಬೋರಲು ಹಾಕಿದಳು, ಏನೂ ಇಲ್ಲ. ಐದನೆಯದರಿಂದ ಒಂದು ಜೋಳದ ಕಾಳು ಮೇಜಿನ ಮೇಲೆ ಉರುಳಿತು.

"ದೂರದ ಎರಡು..." ಅವನು ತನ್ನಷ್ಟಕ್ಕೆ ಅಂದ. "ಯಪ್ಪಾ! ದೂರದ ಎರಡು!"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಮಲ್ಲಣ್ಣೋರ, ಇನ್ನೇನು ಉಳೀತು ತಕ್ರಾರ್?"

ಅಪ್ಪ ನೆಲ ನೋಡುತ್ತಿದ್ದ. ಎದ್ದ. ಮಗಳ ಹತ್ತಿರ ಬಂದ. ಹೊಡೆಯುತ್ತಾನೇನೋ ಅಂದುಕೊಂಡಳು. ಅವನು ರುಮಾಲಿನ ತುದಿಯಿಂದ ಅವಳ ಕಣ್ಣೊರೆಸಿದ.

"ಮನ್ಯಾಗ ಹೇಳಿದ್ರ ಆಗ್ತಿದ್ದಿಲ್ಲೇನು ಯವ್ವಾ?" ಅಂದವನೇ ಜಗದೇವಪ್ಪನ ಕಡೆ ತಿರುಗಿ ಕೈಮುಗಿದ. "ಮಾಸ್ತರ, ಈಗ ಶರಮ್ ನಂದು."

* * *

ಜನ ಕರಗಿದ ಮೇಲೆ ಇಬ್ಬರೇ ಉಳಿದರು. ಮುಮತಾಜ ಹೊಸ್ತಿಲಲ್ಲಿ ಬೆನ್ನು ತಿರುಗಿಸಿ ನಿಂತು, ಇಲ್ಲದ ಕೆಲಸ ಮಾಡುತ್ತಿದ್ದಳು.

"ನಿಮ್ಮ ಮುಖ ನೋಡಾಕ ನನಗ ನಾಚಿಕಿ ಆಗ್ತದರಿ," ಅಂದಳು ಶಿವಕಾಂತಾ.

"ನನಗ ನಿಮಗಿಂತ ಹೆಚ್ಚು ಅದರಿ. ಹೇಳ್ಲೇನ್ರಿ?" ಅವನು ಆ ಒಂದು ಕಾಳನ್ನು ಮೇಜಿನಿಂದ ಎತ್ತಿಕೊಂಡ. "ಆ ದಿವಸ ಮಂದಿ ಸುರಗಿ ಅಂತ ನಕ್ರಲ್ಲ... ನಾ ಬಿಳಿಚಿದ್ದು ಅವರು ನಕ್ರಂತಲ್ಲ. ಅವರು ಅಂದದ್ದು ಖರೇ ಆದ್ರ ಎಷ್ಟ ಛಲೋ ಅಂತ ಅನಿಸಿಬಿಡ್ತು. ಆಗನೇ. ನೀವು ಅಳಾಕತ್ತಿದ್ರಿ, ನನಗ ಹಿಂಗ ಅನಿಸ್ತು. ಅದಕ್ಕ ನಾಚಿಕಿ."

ಶಿವಕಾಂತಾ ತಲೆ ಎತ್ತಲಿಲ್ಲ. ಕಿವಿ ಮಾತ್ರ ಕೆಂಪಾದವು.

"ಕಾಳು ಇಟ್ಕೋರಿ," ಅಂದಳು ಮೆಲ್ಲಗೆ. "ಆಯಿ ಕೇಳಿದ್ರ ಕೊಡಾಕ ಬೇಕಾಗ್ತದ."

ಆಯಿ ಕೇಳಿದಳು! ಜೇವರ್ಗಿಗೆ ತಾನೇ ಹೋಗಿ, ಕಾಳಿನ ಜೊತೆ ವರನನ್ನೂ ಕೇಳಿದಳು.

ಜೋಳದ ರಾಶಿ ಮುಗಿದ ಮೇಲೆ, ಅದೇ ಅಂಗಳದಲ್ಲಿ ಮಣೆ ಹಾಕಿದರು. ಸುತ್ತಲೂ ಅದೇ ಐದು ತಂಬಿಗೆ. ಹೆಂಗಸರು ಹಾಡುತ್ತ ಕೊರಳಿಂದ ಕೊರಳಿಗೆ ನೂಲು ಸುತ್ತಿದರು. ಬಾವಿಯ ಕಟ್ಟೆಯಲ್ಲಿ ನಕ್ಕವರೇ ಈಗ ಅರಿಷಿಣ ಹಚ್ಚುತ್ತಿದ್ದರು.

ಹಾಡಿನ ಗದ್ದಲದಲ್ಲಿ ಅವನು ಕಿವಿಯ ಹತ್ತಿರ ಬಗ್ಗಿದ.

"ಐದಕ್ಕ ನೋಡೀರೇನ್ರಿ?"

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು.

"ನೋಡೇನಿ."